ಎರಡು ಡಬ್ಬಿ ಗುಳಿಗಿ

ಆದವಾನಿ ಬಸ್‌ಸ್ಟ್ಯಾಂಡಿನಲ್ಲಿ ದೀಪ ಹತ್ತುವ ಹೊತ್ತು. ನನ್ನ ಪಕ್ಕ ಯಾರೋ ಅಕ್ಕ-ತಂಗಿ ನಿಂತಿದ್ದರು; ತಂಗಿಯ ಸೆರಗನ್ನು ಅವಳ ಇಬ್ಬರು ಹೆಣ್ಣುಮಕ್ಕಳು ಹಿಡಿದಿದ್ದರು.

“ಡಾಕ್ಟ್ರು ಏನಂದ್ರು, ಭೀಮಿ?” ಅಕ್ಕ ಕೇಳಿದಳು.

“ಇನ್ನ ಬರಬ್ಯಾಡ ಅಂದ್ರು.”

“ಯಾಕ? ಸೋದರಮಾವನ್ನ ಮಾಡ್ಕೊಂಡಿದ್ದಕ್ಕ ಮಕ್ಕಳ ಕಣ್ಣು ಹೊಂಟಾವಂತ ಮತ್ತ ಬೈದ್ರೇನು?”

“ಅದು ಇದ್ದದ್ದ. ಹೊಸ ಔಷಧ ಪರೀಕ್ಷೆ ಮಾಡ್ತೀವಂತ ಇಬ್ಬರಿಗೂ ಬ್ಯಾರೆ ಬ್ಯಾರೆ ಡಬ್ಬಿ ಗುಳಿಗಿ ಕೊಟ್ಟಿದ್ರಲ್ಲ? ಒಂದ್ರಾಗ ಔಷಧ, ಒಂದ್ರಾಗ ಬರೇ ಹಿಟ್ಟಂತ. ಯಾರಿಗೆ ಯಾವ್ದು, ಹೇಳಂಗಿಲ್ಲಂತ.”

“ನೀ ಏನ್ ಮಾಡಿದಿ?”

“ಎರಡೂ ಮೊರಕ್ಕ ಸುರುವಿ, ಕಲಸಿ, ಸಮ ಹಂಚಿದೆ. ಯಾರಿಗೆ ಹಿಟ್ಟು ತಿನ್ನಿಸ್ಲಿ, ಹೇಳು?”

“ಅದನ್ನ ಅವರ ಮುಂದ ಹೇಳಿದೇನು, ಹುಚ್ಚಿ?”

“ಹೇಳಿದೆ. ಪರೀಕ್ಷೆ ಕೆಡಿಸಿದಿ ಅಂತ ಇಬ್ಬರ ಹೆಸರೂ ಹೊಡೆದುಹಾಕಿದ್ರು.”

“ಅಂದ್ರ ಇಬ್ಬರಿಗೂ ಇಲ್ಲ.”

“ಹ್ಞೂಂ. ಸಮ ಆತು ನೋಡು.”

ಆಸ್ಪರಿ ಬಸ್ಸು ಬಂತು. ತಂಗಿ ಹಿರಿಯ ಮಗಳ ಕಾಲನ್ನು ಕೈಯಿಂದೆತ್ತಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಕಿರಿಯಳ ಕಾಲನ್ನು.