ಹಮೀದುನ್ನಿಸಾ ಟೀಚರಿಗೆ ಶಾಲು ಹೊಚ್ಚುವ ಮೊದಲು

ಅಧ್ಯಕ್ಷರಾದ ನರಸಿಂಗರಾಯರೇ, ವೇದಿಕಿ ಮ್ಯಾಲಿನ ಹಿರಿಯರೇ, ಅಕ್ಕತಂಗ್ಯಾರೇ, ಸಭಿಕರೇ, ಎಲ್ಲರಿಗೂ ಶರಣು.

ಇವತ್ತು ನಂದು ಸೋಮವಾರದ ಉಪವಾಸ. ಎಮ್ಮಿ ಹಿಂಡಿ, ಅಂಗಳ ಸಾರಿಸಿ, ಶಿವನಿಗೆ ಬಿಲ್ವಪತ್ರಿ ಏರಿಸಿ, ಜನವಾಡದಿಂದ ಬೀದರಿಗೆ ಬಂದೀನಿ. ಹಸಿದ ಹೊಟ್ಟಿ, ಮಾತು ಬಿರುಸಾದರ ಸಹಿಸ್ಕೋರಿ.

ಹಮೀದುನ್ನಿಸಾ ಟೀಚರ ಬಗ್ಗೆ ನಾಕು ಮಾತಾಡಿ ಶಾಲು ಹೊಚ್ಚರಿ ಅಂದೀರಿ. ಅವರು ಈ ಸಾಲ್ಯಾಗ ಹುಡುಗ್ಯಾರಿಗೆ ಫ್ರೆಂಚ್ ಕಲಿಸ್ತಾರ. ನನ್ನ ತಮ್ಮನ ಮಗಳು ಕಾಂತಾ ಅವರ ಹತ್ತಿರ ಕಲೀತಾಳ. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಹ್ಯಾಂಗ ಹೋಗಬೇಕು ಅಂತ ನಾನೂ ಜೋಡಿ ಬಂದು, ಹಿಂದ ಚಾಪಿ ಮ್ಯಾಲೆ ಕೂಡ್ತೇನಿ.

ಆ ಭಾಷಿ ನನ್ನ ತಲಿ ತಿಂದದರಿ! ಮುಚ್ಚಿದ ಪುಸ್ತಕಕ್ಕ 'ಫೆರ್ಮೆ' ಅಂತಾರ, ಮುಚ್ಚಿದ ಬಾಗಿಲಕ್ಕೂ 'ಫೆರ್ಮೆ' ಅಂತಾರ. ಆದರ ಅವರಲ್ಲಿ ಪುಸ್ತಕ ಗಂಡಸು, ಬಾಗಿಲ ಹೆಂಗಸು. ಬರಿಯೂವಾಗ ಹೆಂಗಸಿಗೆ ಕೊನಿಗೊಂದು ಅಕ್ಷರ ಹೆಚ್ಚು. ಬಹಳ ಬಾಗಿಲ ಇದ್ದರ ಮತ್ತೊಂದು. ಬಾಯಿಲೆ ಅಂದರ ಎಲ್ಲಾ ಒಂದೇ!

"ಕಿವಿಗೆ ಕೇಳದ ಅಕ್ಷರ ಯಾಕ ಬರೀಬೇಕ್ರಿ?" ಅಂದೆ.

"ನಿಮ್ಮ ರಂಗೋಲಿಗೆ ದನಿ ಅದ ಏನ್ರಿ, ಅಕ್ಕಾರ? ಆದರೂ ದಿನಾ ಹಾಕ್ತೀರಲ್ಲ" ಅಂದರು ಟೀಚರ. ಹುಡುಗ್ಯಾರು ಬಿದ್ದು ಬಿದ್ದು ನಕ್ಕರು.

ಆಮ್ಯಾಲ ನಮ್ಮ ಕಡಿ ಉರ್ದು, ದಖನಿಯೊಳಗ ಬಿಡಿಸಿ ಹೇಳಿದರು: ಕುರ್ತಾ ಗಂಡಸು, ಧೋಯಾ ಕುರ್ತಾ; ಸಾಡಿ ಹೆಂಗಸು, ಧೋಯೀ ಸಾಡಿ. ನಮ್ಮ ಕನ್ನಡದಾಗ ತೊಳೆದ ಅಂಗಿ, ತೊಳೆದ ಸೀರಿ, ತೊಳೆದ ಬುತ್ತಿ ಡಬ್ಬಿಗೋಳು, ಎಲ್ಲಾಕ್ಕೂ ಒಂದೇ 'ತೊಳೆದ'. ಎಷ್ಟು ಸುಖ! ಆದರ ಬೀದರಿನ ಹುಡುಗ್ಯಾರು ದಖನಿ ಕೇಳಿ ಬೆಳೆದವರು, ಪಟ್ಟನೆ ಹಿಡದರು.

ಹೋದ ನವೆಂಬರದಾಗ ನಾವು ಬೀದರಿನವರು ಕನ್ನಡದ ಮೈಸೂರು ರಾಜ್ಯಕ್ಕ ಸೇರಿದೆವು. ಪೇಢೆ ಹಂಚಿದರು, ನಾನೂ ತಿಂದೀನಿ. ಸಾಲ್ಯಾಗ ಕನ್ನಡ ಬಂತಂದರ ಫ್ರೆಂಚ್ ಹೋಗಲೇಬೇಕೇನು? ಈಗ ಶಾಲು ನನ್ನ ಕೈಯಾಗ ಇಡುವಾಗ ಅಧ್ಯಕ್ಷರು ಅಂದರು: "ಅಕ್ಕಾರ, ನಾಳಿಯಿಂದ ಫ್ರೆಂಚ್ ಕ್ಲಾಸ್ ಬಂದ್. ಟೀಚರನ್ನ ಚಂದಾಗಿ ಕಳಿಸಿಕೊಡ್ರಿ."

ಮಾರ್ಚದಾಗ ಪರೀಕ್ಷಾ ಅದ. ಇನ್ನು ಯಾರು ಕಲಿಸಬೇಕು? ಕಾಂತಾ ಫೇಲಾದರ ಸಾಲಿ ಬಿಡಿಸಿ ಮದಿವಿ ಮಾಡ್ತೇನಿ ಅಂತ ನನ್ನ ತಮ್ಮ ಮಾಣಿಕ ಈಗಲೇ ಗಂಡು ನೋಡ್ಯಾನ. ನೌಕರಿ ಕಸ್ಕೊಳ್ಳೂದು, ಶಾಲು ಹೊಚ್ಚೂದು, ಮ್ಯಾಲೆ ಚಪ್ಪಾಳಿ! ಶಿವ ಮೆಚ್ಚತಾನೇನು?

ನಾ ಹೊಚ್ಚೂದಿಲ್ರಿ. ಪರೀಕ್ಷಾ ಮುಗಿಯೂತನಕ ಟೀಚರ ಇರ್ತಾರೋ ಇಲ್ಲೋ, ಅಷ್ಟೇ ಹೇಳ್ರಿ.

ಅಧ್ಯಕ್ಷರೇ, ಯಾಕ ಎದ್ದಿರಿ? ಚಹಾ ಎಲ್ಲೂ ಓಡಿಹೋಗೂದಿಲ್ಲ... ಹೋದರು ನೋಡ್ರಿ!

ಕೂತು ಕೇಳಿದವರಿಗೆ ಉಪಕಾರ, ಎಲ್ಲರಿಗೂ ನಮಸ್ಕಾರ. ಟೀಚರ, ನೀವು ಏಳಬ್ಯಾಡ್ರಿ, ಕೂಡ್ರಿ. ಪಂಢರಿ ಅಣ್ಣಾ, ಸಾಲಿ ಗಂಟಿ ಆಮ್ಯಾಲ ಬಾರಿಸು. ಮೊದಲು ಚಹಾದ ಖೋಲಿಗೆ ಹೋಗಿ ಅಧ್ಯಕ್ಷರಿಂದ ನನ್ನ ಮಾತಿಗೆ ಉತ್ತರ ಇಸ್ಕೊಂಡು ಬಾ. ಹೂಂ ಅನ್ನಲಿ, ಉಹೂಂ ಅನ್ನಲಿ. ನಾ ಇಲ್ಲೇ ನಿಂತೀನಿ.