ವರನ ಫೋಟೋ

ಗೋಕಾಕ ನಿಲ್ದಾಣದಲ್ಲಿ ಸಂಕೇಶ್ವರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಧು-ವರ ಕೇಂದ್ರ ನಡೆಸುವ ಹಿರಿಯರು. ಅವರ ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಹುಡುಗಿ ಜೊತೆಗಿದ್ದಳು.

“ವರನ ಫೋಟೋ ಮೇಲ್‌ನಾಗ ಬಂತು, ತಗದ ನೋಡಿದೆ. ಮತ್ತೇನೂ ಒತ್ತಿಲ್ಲ ಶೈಲಾ.”

“ನೋಡಿದ್ದ ಸಾಕಾತ್ರಿ ಕಾಕಾ. ನಿಮ್ಮ ಫೋಟೋ ನೋಡೋ ಸಾಫ್ಟ್‌ವೇರ್ ಭಾಳ ಹಳೇದು. ಫೋಟೋ ಹೇಳಿದ ಅಳತಿ ನಂಬಿ ಅಷ್ಟ ಜಾಗಾ ಕೊಡ್ತೈತಿ. ಈ ಫೋಟೋದಾಗ ಕಳ್ಳರು ಬೇಕಂತನ ಹೆಚ್ಚಿಗಿ ತುಂಬಿದ್ರು. ಹೆಚ್ಚಾಗಿದ್ದು ಬಾಜೂಕ ಚೆಲ್ಲಿ, ಕಂಪ್ಯೂಟರಿಗೇ ಹುಕುಂ ಮಾಡೇತಿ.”

“ನಮ್ಮ ಹುಡುಗ್ಯಾರ ಫೋಟೋ?”

“ಎಲ್ಲಾ ಕಳುವಾಗ್ಯಾವ. ಫೋನ್ ನಂಬರ್ ಸೈತ.”

“ನಂಬಿ ಕೊಟ್ಟಾರವಾ. ಅವರ ಮನ್ಯಾಗ ಏನಂತ ಹೇಳ್ಲಿ?”

“ಖರೇನ ಹೇಳ್ರಿ. ಇವತ್ತ ಹೇಳ್ರಿ.”

ಹಿರಿಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತಲೇ ಇದ್ದರು. ಕೊಣ್ಣೂರ ಬಸ್ಸು ಬಂತು. ಶೈಲಾ ಎದ್ದು ನಿಂತಳು.

“ಆ ಫೋಟೋ ಮತ್ಯಾರಿಗೂ ಕಳಿಸಿಲ್ಲಲ್ರಿ?”

“ಹುಡುಗ ಲಕ್ಷಣಾಗಿದ್ದ. ಹನ್ನೊಂದ ಮನಿಗೆ ಮೇಲ್ ಮಾಡೇನಿ.” ಅವರು ತಲೆ ಎತ್ತಲಿಲ್ಲ. “ನಿಮ್ಮಪ್ಪಗೂ.”

ಶೈಲಾ ಫೋನ್ ಕಿವಿಗಿಟ್ಟುಕೊಂಡೇ ಬಸ್ ಹತ್ತಿದಳು.

“ಅಪ್ಪಾ, ಕಾಕಾ ಕಳಿಸಿದ ಫೋಟೋ ಕಂಪ್ಯೂಟರ್‌ನಾಗ ತಗೀಬ್ಯಾಡ. ನಮ್ಮನ್ಯಾಗೂ ಅದ ಹಳೇ ಸಾಫ್ಟ್‌ವೇರ್ ಐತಿ.”

ಬಾಗಿಲಲ್ಲೇ ನಿಂತು ಆ ಕಡೆಯ ಮಾತು ಕೇಳಿಸಿಕೊಂಡಳು.

“ಎಲ್ಲಾರೂ ಕೂಡಿ ನೋಡಿದ್ರಿ?”