ಕೆಳಗಿನ ಸಿಲಿಂಡರಿನ ಎಣ್ಣೆ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಮುದುಕ ಟೈಲರಿಗೆ, ಪಕ್ಕದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನೀವು ಮನೇಲಿ ಮಾಡಿದ ಆ ಪುಟ್ಟ ವಿಮಾನದ ಇಂಜಿನ್ ಇವತ್ತು ಓಡಿಸಿ ಗೆಳೆಯರಿಗೆ ತೋರಿಸ್ಲಾ ಅಂತ ನನ್ನ ತಮ್ಮ ಕೇಳಿದ. ಹೂಂ ಅಂದೆ.”

“ಯಾರನ್ನ ಕೇಳಿ ಹೂಂ ಅಂದೆ?”

“ಕುಂಬಳಕಾಯಿ ಗಾತ್ರದ ಇಂಜಿನ್ನಿಗೆ ಅಪ್ಪಣೆ ಬೇರೆ ಬೇಕಾ?”

“ಗಾತ್ರ ಚಿಕ್ಕದು ಕಣೇ, ಒಳಗೆಲ್ಲ ಹಳೇ ಕಾಲದ ವಿಮಾನದ ಥರಾನೇ ಸಿಲಿಂಡರುಗಳನ್ನ ಚಕ್ರದ ಹಾಗೆ ಜೋಡಿಸಿದೀನಿ. ನಿಲ್ಲಿಸಿಟ್ರೆ ಎಣ್ಣೆಯೆಲ್ಲ ಕೆಳಗಿನ ಸಿಲಿಂಡರಿಗೆ ಇಳಿಯುತ್ತೆ. ಅದನ್ನ ಬಸಿಯದೆ ಮುಂದಿನ ಫ್ಯಾನು ತಿರುಗಿಸಿದ್ರೆ ಎಣ್ಣೆ ಅಡ್ಡ ನಿಂತು ಒಳಗಿನ ರಾಡು ಬಾಗಿಹೋಗುತ್ತೆ.”

“ಅವನಿಗೆ ಹೇಳಿಲ್ವಾ?”

“ಮುಟ್ತಾನೆ ಅಂತ ಗೊತ್ತಿದ್ರೆ ತಾನೆ?”

ಆತ ಕೂಡಲೇ ಫೋನು ಮಾಡಿದ. ಭಾವಮೈದುನ ಎತ್ತಲಿಲ್ಲ.

“ನಿನ್ನ ತಲೆ ಕರೀಗಿದ್ದಾಗ ಶುರು ಮಾಡಿದ್ದು. ಒಂದೊಂದು ಭಾಗಾನೂ ಕೈಯಲ್ಲೇ ಅರ ಹಾಕಿ ಉಜ್ಜಿ ಮಾಡಿದ್ದು.”

“ಹಾಗಾದ್ರೆ ಆಟೋ ಹಿಡಿದು ಹೋಗ್ರೀ. ನಾನೊಬ್ಬಳೇ ಒಳಗೆ ಹೋಗ್ತೀನಿ.”

“ರಾತ್ರಿಯೆಲ್ಲ ನಿದ್ದೆ ಮಾಡದೋಳು, ಒಬ್ಬಳೇ ಹೋಗ್ತಾಳಂತೆ.”

“ಗಡ್ಡೆ ಇದೆಯೋ ಇಲ್ವೋ, ನೀವಿದ್ರೆ ಕರಗುತ್ತಾ?”

ಅಷ್ಟರಲ್ಲಿ ನರ್ಸು ಬಾಗಿಲು ತೆರೆದು ಆಕೆಯನ್ನು ಕರೆದಳು. ಜೊತೆಗೆ ಬರುವವರು ಫೋನು ಬಂದ್ ಮಾಡಬೇಕು ಎಂದಳು.

“ನೀವು ಇಲ್ಲೇ ಇರಿ, ನನ್ನ ತಮ್ಮ ಫೋನ್ ಮಾಡಬಹುದು.”

ಆತ ಫೋನಿನ ಗುಂಡಿಯನ್ನು ಬೆಳಕು ಆರುವವರೆಗೆ ಒತ್ತಿ ಹಿಡಿದ.

“ರಾಡು ಬಾಗಿದ್ರೆ ಇನ್ನೊಂದು ಮಾಡ್ಕೋತೀನಿ. ನಿನ್ನ ಚೀಲ ಕೊಡು ಇಲ್ಲಿ, ನಡಿ.”

ಇಬ್ಬರೂ ಒಳಗೆ ಹೋದರು.